ಓದಲಾಗದ ಹಳೆಯ ಫ್ಲಾಪಿಯಿಂದ ಫೈಲ್ ತೆಗೆಯುವುದು ಹೇಗೆ?

ಪ್ರಶ್ನೆ: ಮಂಡ್ಯದ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದ ಅಪ್ಪನ ಬರಹಗಳು 3.5 ಇಂಚಿನ ಫ್ಲಾಪಿಯಲ್ಲಿವೆ. ಹಾಕಿದರೆ ‘ಫಾರ್ಮ್ಯಾಟ್ ಮಾಡಬೇಕೇ?’ ಎನ್ನುತ್ತದೆ.

ಉತ್ತರ: ಬೇಡ ಅನ್ನಿ. ಬಹಳಷ್ಟು ಸಲ ಅಕ್ಷರಗಳು ಅಳಿಸಿಹೋಗಿರುವುದಿಲ್ಲ, ಡ್ರೈವ್‌ಗೆ ಸಿಗುತ್ತಿರುವುದಿಲ್ಲ ಅಷ್ಟೇ.

ಫ್ಲಾಪಿಯಲ್ಲಿ ಓದುವ ಹೆಡ್ ತಟ್ಟೆಯನ್ನು ಮುಟ್ಟಿಕೊಂಡೇ ಓಡುತ್ತದೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿದ್ದರೆ ಹೆಡ್ ಮೇಲೆದ್ದು ಸಂಕೇತ ಕ್ಷೀಣಿಸುತ್ತದೆ. ಮತ್ತೆ ಮತ್ತೆ ಹಾಕಿದರೆ ಕಂದು ಲೇಪನವೇ ಕೆರೆದುಹೋಗುತ್ತದೆ.

ಮೊದಲು ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ ರಂಧ್ರ ತೆರೆಯಿರಿ, ಆಗ ಅದರ ಮೇಲೆ ಏನೂ ಬರೆಯಲಾಗದು. ಲೋಹದ ಮುಚ್ಚಳ ಜರುಗಿಸಿ, ಹಿಂದಿನ ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತ ನೋಡಿ. ಬಿಳಿ ಚುಕ್ಕೆ ಕಂಡರೆ ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಎರಡೂ ಬದಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಡ್ರೈವ್‌ನ ಹೆಡ್ಡನ್ನೂ ಒರೆಸಿ.

ಫೈಲ್‌ಗಳನ್ನು ಒಂದೊಂದಾಗಿ ಕಾಪಿ ಮಾಡಬೇಡಿ. ಕೆಟ್ಟ ಡಿಸ್ಕಿನಿಂದ ಓದಲಾದಷ್ಟನ್ನೂ ಎತ್ತಿಕೊಡುವ, ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿ (1.44 ಎಂಬಿ ಫ್ಲಾಪಿಗೆ 14,74,560 ಬೈಟ್) ತೆಗೆಯಿರಿ. ಓದಲಾಗದೆ ಉಳಿದ ಸೆಕ್ಟರ್‌ಗಳಿಗೆ (ಡಿಸ್ಕಿನ ಪುಟ್ಟ ಭಾಗಗಳಿಗೆ) ಬೇರೆ ಡ್ರೈವ್ ಹಾಕಿ, ಯಾವುದು ಓದಿದೆ, ಯಾವುದು ಬಾಕಿ ಎಂದು ಅದು ಬರೆದಿಟ್ಟ ಅದೇ ಲಾಗ್ ಫೈಲ್ ಕೊಟ್ಟು ಮುಂದುವರಿಸಿ. ಬರೆದ ಡ್ರೈವ್‌ನ ಹೆಡ್ ಕೂದಲೆಳೆಯಷ್ಟು ವಾರೆಯಿದ್ದರೂ ಇನ್ನೊಂದು ಡ್ರೈವ್ ತಡವರಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಗ್ರೀಸ್‌ವೀಝಲ್ ಎಂಬ ಬೋರ್ಡು ಕಾಂತೀಯ ಸಂಕೇತವನ್ನೇ ನೇರವಾಗಿ ದಾಖಲಿಸುತ್ತದೆ.

ಫೈಲ್ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಗೀಚು ಕಂಡರೆ ದಯವಿಟ್ಟು ಎಸೆಯಬೇಡಿ. ಅದು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿ ಕನ್ನಡದಲ್ಲಿ ರೂಢಿಗೆ ಬರುವ ಮುಂಚಿನ ಶ್ರೀಲಿಪಿ, ಬರಹ ಅಥವಾ ನುಡಿ ಫಾಂಟ್ ಇರಬಹುದು. ಆಯಾ ಫಾಂಟ್ ಹಾಕಿದರೆ ಓದಬಹುದು, ಪರಿವರ್ತಕದಿಂದ ಯೂನಿಕೋಡ್‌ಗೂ ತರಬಹುದು.