ನುಂಗುವ ಕ್ಯಾಮೆರಾ ಮತ್ತು ಕೊಳವೆ

ಪ್ರಶ್ನೆ: ಮಾತ್ರೆಯಂತೆ ನುಂಗುವ ಕ್ಯಾಮೆರಾ ಬಂದಿರುವಾಗ, ಗಂಟಲಿನೊಳಗೆ ಕೊಳವೆ ಇಳಿಸುವ ಎಂಡೋಸ್ಕೋಪಿಯನ್ನು ವೈದ್ಯರು ಇನ್ನೂ ಏಕೆ ಕೈಬಿಟ್ಟಿಲ್ಲ?

ಉತ್ತರ: ಕ್ಯಾಮೆರಾ ಮಾತ್ರೆ ನೋಡಬಲ್ಲದು, ಆದರೆ ಅದಕ್ಕೆ ಕೈಗಳಿಲ್ಲ. ಅಮೆರಿಕದಲ್ಲಿ 2001ರಲ್ಲಿ ಅನುಮತಿ ಪಡೆದ ಈ ಸಾಧನವು ಸುಮಾರು 26 ಮಿಲಿಮೀಟರ್ ಉದ್ದವಿದ್ದು, ಸಾಮಾನ್ಯ ಕೊಳವೆಗಳು ತಲುಪದ ಸಣ್ಣ ಕರುಳಿನ ಸಾವಿರಾರು ಚಿತ್ರಗಳನ್ನು ತೆಗೆಯುತ್ತದೆ. ಕಾರಣ ತಿಳಿಯದ ರಕ್ತಸ್ರಾವವನ್ನು ಹುಡುಕುವುದರಲ್ಲಿ ಇದರ ಉಪಯೋಗ ನಿಜಕ್ಕೂ ದೊಡ್ಡದು. ಆದರೆ ಅನುಮಾನದ ಜಾಗದಿಂದ ಅಂಗಾಂಶದ ಚೂರನ್ನು ತೆಗೆಯಲು ಅದಕ್ಕೆ ಸಾಧ್ಯವಿಲ್ಲ, ಕರುಳು ಕಿರಿದಾಗಿರುವಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಉಂಟು.

ಕೊಳವೆಯೂ ನಿಂತಲ್ಲೇ ನಿಂತಿಲ್ಲ. ನೀಲಿ ಮತ್ತು ಹಸಿರು ಬೆಳಕಿನ ಕಿರಿದಾದ ಪಟ್ಟಿಗಳನ್ನಷ್ಟೇ ಬಳಸಿ ಲೋಳೆಪೊರೆಯ ರಕ್ತನಾಳಗಳನ್ನು ಎದ್ದು ಕಾಣಿಸುವ ವಿಧಾನ ಈಗ ರೂಢಿಯಲ್ಲಿದೆ. ಜಪಾನಿನಲ್ಲಿ ಬೆಳೆದ ಇನ್ನೊಂದು ತಂತ್ರದಿಂದ, ಮೇಲ್ಪದರದಲ್ಲೇ ಇರುವ ಆರಂಭಿಕ ಜಠರ ಕ್ಯಾನ್ಸರನ್ನು ಹೊಟ್ಟೆ ಕೊಯ್ಯದೆ ಇಡಿಯಾಗಿ ಬಿಡಿಸಿ ತೆಗೆಯಬಹುದು. ನನಗೆ ಅತ್ಯಂತ ಮಹತ್ವದ್ದೆನಿಸುವುದು ಇದೇ, ಏಕೆಂದರೆ ಇಲ್ಲಿ ಪರೀಕ್ಷೆಯ ಉಪಕರಣವೇ ಚಿಕಿತ್ಸೆಯದೂ ಆಗಿದೆ. ದೊಡ್ಡ ಕರುಳಿನ ಗಡ್ಡೆಗಳನ್ನು ಪರದೆಯ ಮೇಲೆ ಗುರುತಿಸಿ ತೋರಿಸುವ ಕೃತಕ ಬುದ್ಧಿಮತ್ತೆ ಹೆಚ್ಚು ಗಡ್ಡೆಗಳನ್ನು ಪತ್ತೆಮಾಡುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆಯಾದರೂ, ಹೀಗೆ ಹೆಚ್ಚುವರಿಯಾಗಿ ಸಿಗುವವುಗಳಲ್ಲಿ ಬಹುಪಾಲು ತೀರ ಚಿಕ್ಕವು.