ಓದುಗರ ಪ್ರಶ್ನೆ: ಧ್ರುವಪ್ರಭೆ ನೋಡಲು ಎಲ್ಲಿಗೆ ಹೋಗೋಣ?

ಪ್ರಶ್ನೆ: ನಾವು ಮಡಿಕೇರಿ ಹತ್ತಿರದ ಕಾಫಿ ಬೆಳೆಗಾರರು. ಜೀವನದಲ್ಲಿ ಒಮ್ಮೆ ನಾರ್ದರ್ನ್ ಲೈಟ್ಸ್, ಅಂದರೆ ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ನೋಡಬೇಕು ಅಂತ ಗಂಡ ಹೆಂಡತಿ ಇಬ್ಬರಿಗೂ ಆಸೆ. ಕೇಳಿದವರೆಲ್ಲ ಡಿಸೆಂಬರ್‌ನಲ್ಲಿ ನಾರ್ವೆಯ ಟ್ರೊಮ್ಸೊಗೆ ಹೋಗಿ ಅಂತಾರೆ. ಆಗ ನಮಗೆ ಕೊಯ್ಲು. ಏನು ಮಾಡೋದು?

ಉತ್ತರ: ಕೊಯ್ಲು ಬಿಟ್ಟು ಹೋಗಬೇಡಿ. ಸೆಪ್ಟೆಂಬರ್ ಕೊನೆಯ ವಾರ ಹೊರಡಿ. ಕೈಲ್ ಪೊಳ್ದ್ ಹಬ್ಬ ಮುಗಿದಿರುತ್ತದೆ, ಮಳೆ ತಗ್ಗಿರುತ್ತದೆ, ಅರೇಬಿಕಾ ಇನ್ನೂ ಹಣ್ಣಾಗಿರುವುದಿಲ್ಲ. ಉತ್ತರದ ಆ ದೇಶಗಳಲ್ಲಿ ಆ ಹೊತ್ತಿಗೆ ರಾತ್ರಿ ಸಾಕಷ್ಟು ಕತ್ತಲಿರುತ್ತದೆ, ಸರೋವರ ಹೆಪ್ಪುಗಟ್ಟಿರುವುದಿಲ್ಲ, ಹಾಗಾಗಿ ಆಕಾಶದ ಹಸಿರು ನೀರಲ್ಲೂ ಕಾಣುತ್ತದೆ. ಹಗಲು ರಾತ್ರಿ ಸಮ ಆಗುವ ಸೆಪ್ಟೆಂಬರ್ ಮತ್ತು ಮಾರ್ಚ್ ಆಸುಪಾಸಿನಲ್ಲಿ ಪ್ರಭೆಯ ಆಟವೂ ಜಾಸ್ತಿ.

ಇನ್ನು ಜಾಗ. ಧ್ರುವದ ಸುತ್ತ ಒಂದು ಉಂಗುರದ ಹಾಗೆ ಈ ಬೆಳಕು ಹರಡಿರುತ್ತದೆ. ಟ್ರೊಮ್ಸೊ, ಐಸ್‌ಲ್ಯಾಂಡ್, ಫಿನ್‌ಲ್ಯಾಂಡಿನ ಉತ್ತರ ಭಾಗ, ಅಲಾಸ್ಕಾದ ಫೇರ್‌ಬ್ಯಾಂಕ್ಸ್, ಕೆನಡಾದ ಯೆಲ್ಲೋನೈಫ್ ಎಲ್ಲವೂ ಆ ಉಂಗುರದ ಕೆಳಗೇ ಇವೆ. ಹಾಗಾಗಿ ಪ್ರಭೆ ಎಲ್ಲಿ ಬರುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಮೋಡ ಎಲ್ಲಿ ಕಮ್ಮಿ ಅಂತ ನೋಡಿ. ಮಂಜು ಅಂದರೆ ಏನು ಅಂತ ಕೊಡಗಿನವರಿಗೆ ಹೇಳಬೇಕಾ? ಸೂರ್ಯೋದಯ ನೋಡೋಕೆ ಮಾಂದಲಪಟ್ಟಿಗೆ ಹೋದವರು ಬರೀ ಬಿಳಿ ಪರದೆ ನೋಡಿ ಇಳಿದು ಬರುತ್ತಾರೆ ಅಲ್ವಾ, ಟ್ರೊಮ್ಸೊದಲ್ಲೂ ಎಷ್ಟೋ ಜನರಿಗೆ ಹಾಗೇ ಆಗುತ್ತದೆ. ಅದು ಕಡಲ ದಡದ ಊರು. ಮೋಡ ಕವಿದ ದಿನ ಗೈಡ್‌ಗಳು ಜನರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಗಂಟೆಗಟ್ಟಲೆ ಫಿನ್‌ಲ್ಯಾಂಡ್ ಗಡಿಯ ಕಡೆ ಓಡಿಸುತ್ತಾರೆ.

ನಾನು ಹೇಳುವುದು ಸ್ವೀಡನ್ನಿನ ಅಬಿಸ್ಕೊ. ಭಾಗಮಂಡಲದಲ್ಲಿ ಜಡಿಮಳೆ ಇದ್ದ ದಿನ ಕುಶಾಲನಗರದಲ್ಲಿ ಬಿಸಿಲಿರುತ್ತದಲ್ಲ, ಅದೇ ಲೆಕ್ಕ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡ ನಾರ್ವೆ ಗಡಿಯ ಬೆಟ್ಟಗಳಲ್ಲೇ ಸುರಿದುಬಿಡುತ್ತದೆ, ಅಬಿಸ್ಕೊ ಆ ಬೆಟ್ಟಗಳ ಮರೆಯಲ್ಲಿದೆ. ಅಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 300 ಮಿಲಿಮೀಟರ್, ಭಾಗಮಂಡಲದಲ್ಲಿ ಜುಲೈ ತಿಂಗಳ ಒಂದು ಜೋರು ವಾರಕ್ಕೆ ಅಷ್ಟು ಸುರಿಯಬಹುದು. ಕಿರುನಾ ಊರಿನಿಂದ ರೈಲಿದೆ, ಪಕ್ಕದಲ್ಲೇ ಟೊರ್ನೆಟ್ರಾಸ್ಕ್ ಅನ್ನುವ ದೊಡ್ಡ ಸರೋವರ. ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಸಾಕು. ಒಂದೇ ರಾತ್ರಿ ನಂಬಿ ಹೋಗಬೇಡಿ, ಕನಿಷ್ಠ ನಾಲ್ಕು ರಾತ್ರಿ ಇರಿ.

ಪ್ರಶ್ನೆ: ನಮ್ಮ ದೇಶದಲ್ಲೇ ಕಾಣುವುದಿಲ್ಲವಾ? (ಸೋಮವಾರಪೇಟೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಅಪರೂಪಕ್ಕೆ ಕಾಣುತ್ತದೆ. 2024ರ ಮೇ ತಿಂಗಳ ದೊಡ್ಡ ಸೌರ ಬಿರುಗಾಳಿಯಲ್ಲಿ (ಪ್ರಭೆ ಹೊತ್ತಿಸುವ ಸೂರ್ಯನ ಕಣಗಳು ಜೋರಾಗಿ ನುಗ್ಗಿ ಬಂದಾಗ) ಲಡಾಖಿನ ಹಾನ್ಲೆಯ ಕ್ಯಾಮೆರಾಗಳಲ್ಲಿ ಕೆಂಪು ಪ್ರಭೆ ಸೆರೆಯಾಯಿತು. ಅಲ್ಲಿನ ವೀಕ್ಷಣಾಲಯ ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಗೋಳ ಭೌತಶಾಸ್ತ್ರ ಸಂಸ್ಥೆ. ಕೆಂಪು ಯಾಕೆ ಅಂದರೆ, 200 ಕಿಲೋಮೀಟರ್‌ಗಿಂತ ಮೇಲಿನ ಆಮ್ಲಜನಕ ಕೆಂಪು ಬೆಳಕು ಕೊಡುತ್ತದೆ, ಅದರ ಕೆಳಗಿನದು ಹಸಿರು. ದೂರದಿಂದ ನೋಡುವವರಿಗೆ ದಿಗಂತದ ಮೇಲೆ ಎತ್ತರದ ಕೆಂಪು ಮಾತ್ರ ಕಾಣುತ್ತದೆ. ಆದರೆ ಅದನ್ನು ನೆಚ್ಚಿಕೊಂಡು ಲಡಾಖಿಗೆ ಟಿಕೆಟ್ ಮಾಡಿಸಬೇಡಿ.

ಪ್ರಶ್ನೆ: ಫೋಟೊ ಹೇಗೆ ತೆಗೆಯಬೇಕು? (ವಿರಾಜಪೇಟೆಯಿಂದ)

ಉತ್ತರ: ಟ್ರೈಪಾಡ್ ಬೇಕೇ ಬೇಕು. ಅಗಲ ಕೋನದ ಲೆನ್ಸ್, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) f/2.8, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರಿಂದ 3200, ಶಟರ್ ತೆರೆದಿರುವುದು 5ರಿಂದ 10 ಸೆಕೆಂಡ್. ಬೆಳಕು ಜೋರಾಗಿ ಕುಣಿಯತೊಡಗಿದರೆ 2 ಸೆಕೆಂಡ್‌ಗೆ ಇಳಿಸಿ, ಇಲ್ಲದಿದ್ದರೆ ಎಳೆಗಳೆಲ್ಲ ಕಲಸಿಹೋಗುತ್ತವೆ. ಆಟೋಫೋಕಸ್ ಕತ್ತಲಲ್ಲಿ ಸುಮ್ನೆ ಹುಡುಕಾಡುತ್ತದೆ. ಅದನ್ನು ಆಫ್ ಮಾಡಿ, ಪರದೆ ಮೇಲೆ ಒಂದು ನಕ್ಷತ್ರವನ್ನು ದೊಡ್ಡದು ಮಾಡಿ, ಅದು ಸಣ್ಣ ಚುಕ್ಕೆ ಆಗುವವರೆಗೆ ಲೆನ್ಸಿನ ಫೋಕಸ್ ಉಂಗುರವನ್ನು ಕೈಯಲ್ಲೇ ತಿರುಗಿಸಿ.

ಅಬಿಸ್ಕೊದಲ್ಲಿ ಮೊದಲ ರಾತ್ರಿ ನಾನು ಸರೋವರದ ದಡದಲ್ಲಿ ನಿಂತಾಗ ಕಂಡದ್ದು ಬೂದು ಬಣ್ಣದ ಒಂದು ಪಟ್ಟಿ, ಬೆಳಗಿನ ಹೊತ್ತು ಗದ್ದೆ ಮೇಲೆ ನಿಲ್ಲುವ ಮಂಜಿನ ಹಾಗೆ. ಮೋಡ ಅಂದುಕೊಂಡೆ. ಆದರೆ ಅದರೊಳಗಿಂದ ನಕ್ಷತ್ರ ಕಾಣುತ್ತಿದ್ದವು. 8 ಸೆಕೆಂಡಿನ ಒಂದು ಫೋಟೊ ತೆಗೆದೆ, ಪರದೆ ಪೂರ್ತಿ ಹಸಿರು! ಸ್ವಲ್ಪ ಹೊತ್ತಿಗೆ ಅದೇ ಪಟ್ಟಿ ಬಿಚ್ಚಿಕೊಂಡು, ಒಣಹಾಕಿದ ಸೀರೆ ಗಾಳಿಗೆ ಆಡಿದ ಹಾಗೆ ಆಡಿತು, ಕೆಳಗೆ ನೇರಳೆ ಅಂಚು. ಆಗ ಬರಿಗಣ್ಣಿಗೂ ಬಣ್ಣ ಕಂಡಿತು. ಕ್ಯಾಮೆರಾ ಮರೆತು ನಿಂತುಬಿಟ್ಟೆ.

ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಎರಡನೆಯದನ್ನು ಒಳಜೇಬಿನಲ್ಲಿ ಇಡಿ. ಕೋಣೆಯೊಳಗೆ ಬರುವ ಮೊದಲು ಹೊರಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ, ಒಂದೆರಡು ಗಂಟೆ ಬಿಚ್ಚಬೇಡಿ. ಇಲ್ಲದಿದ್ದರೆ ಲೆನ್ಸ್ ಮೇಲೆ ನೀರು ಕೂರುತ್ತದೆ. ಜನವರಿಯಲ್ಲಿ ನಮ್ಮಲ್ಲಿ ಆಕಾಶ ಶುಭ್ರ ಇರುತ್ತದೆ. ಆಗ ಮನೆ ಅಂಗಳದಲ್ಲಿ ದೀಪ ಆರಿಸಿ, ಕೈಗವಸು ಹಾಕಿಕೊಂಡೇ ಈ ಬಟನ್‌ಗಳನ್ನೆಲ್ಲ ಒತ್ತಿ ರೂಢಿ ಮಾಡಿಕೊಳ್ಳಿ.