ಕೋಲಿನ ಕಚ್ಚಿನಿಂದ ಶುರು ಮಾಡಿ

ನಮಸ್ಕಾರ,

ಸೇಡಿಗೆ ಇಂಗ್ಲಿಷಿನವರು ಬಳಸುವ ‘ಸೆಟಲ್ ಎ ಸ್ಕೋರ್’ ಎಂಬ ನುಡಿಗಟ್ಟಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ವಿಷಯ ತುಂಬ ಚೆನ್ನಾಗಿದೆ, ಅದಕ್ಕೇ ಕಾರಣವನ್ನು ಬಿಚ್ಚಿ ಹೇಳುತ್ತೇನೆ.

‘ಸ್ಕೋರ್ ಎಂದರೆ ಆಟದ ಅಂಕ, ಸೋತವನು ಅದನ್ನು ಸಮ ಮಾಡುವುದೇ ಸೇಡು’ ಎಂದು ಬರೆದಿದ್ದೀರಿ. ಇದು ಊಹೆ. ಆ ಪದದ ಹಳೇ ಅರ್ಥ ಕೋಲಿನ ಮೇಲೆ ಕೊರೆದ ಕಚ್ಚು. ಇಂಗ್ಲೆಂಡಿನಲ್ಲಿ ಹಿಂದೆ ಸಾಲದ ಲೆಕ್ಕ ಇಡುತ್ತಿದ್ದುದು ಹಾಗೆ. ಸರ್ಕಾರದ ಖಜಾನೆಯಲ್ಲಿ ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ ಕೊಟ್ಟವನಿಗೊಂದು, ತೀರಿಸಬೇಕಾದವನಿಗೊಂದು ಹೋಳು. ತೀರಿಸುವ ದಿನ ಎರಡನ್ನೂ ಜೋಡಿಸಿದರೆ ಕಚ್ಚಿಗೆ ಕಚ್ಚು ಕೂಡಬೇಕು. ಯಾರಾದರೂ ಕದ್ದು ಒಂದು ಕಚ್ಚು ಜಾಸ್ತಿ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು. 1834ರಲ್ಲಿ ಇಂಥ ಹಳೇ ಕೋಲುಗಳ ರಾಶಿಯನ್ನು ಒಲೆಗೆ ಹಾಕಲು ಹೋಗಿ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡವೇ ಸುಟ್ಟುಹೋಯಿತು! ಕ್ರಿಕೆಟ್ಟಿನ ರನ್ನನ್ನೂ ಮೊದಮೊದಲು ಕೋಲಿಗೆ ಕಚ್ಚು ಹಾಕಿಯೇ ಎಣಿಸುತ್ತಿದ್ದರು. ಆಟದ ಸ್ಕೋರ್ ಬಂದದ್ದೂ ಇದೇ ಕಚ್ಚಿನಿಂದ.

‘ಸೆಟಲ್’ ಎಂದರೆ ತೀರಿಸುವುದು, ‘ಸ್ಕೋರ್’ ಎಂದರೆ ಕಚ್ಚು ಹಾಕಿಟ್ಟ ಸಾಲ. ಹಾಗಾಗಿ ಇಲ್ಲಿ ಸೇಡು ಒಂದು ಬಾಕಿ. ಕನ್ನಡವೂ ಇದನ್ನೇ ಹೇಳುತ್ತದೆ, ನೀವು ಗಮನಿಸಲೇ ಇಲ್ಲ. ನಾವು ಸಾಲ ತೀರಿಸುತ್ತೇವೆ, ಸೇಡು ತೀರಿಸಿಕೊಳ್ಳುತ್ತೇವೆ. ಆ ‘ಕೊಳ್ಳು’ ನೋಡಿ. ಸಾಲ ತೀರಿಸುವವನು ಕೊಡಬೇಕಾದವನು. ಸೇಡು ತೀರಿಸಿಕೊಳ್ಳುವವನು ತನಗೆ ಬರಬೇಕಾದ್ದನ್ನು ವಸೂಲಿ ಮಾಡಲು ಬಂದವನು. ಲೇಖನದ ಜೀವ ಇಲ್ಲೇ ಇದೆ, ಅಲ್ವಾ?

ನಿಮ್ಮ ಉದಾಹರಣೆಯೂ ಹೊಂದುವುದಿಲ್ಲ. ಬಸ್ಸಿನಲ್ಲಿ ಒಬ್ಬ ಕಾಲು ತುಳಿದ, ಇವನೂ ತಕ್ಷಣ ತುಳಿದ. ಅದು ಬರೀ ತಿರುಗೇಟು. ಈ ನುಡಿಗಟ್ಟಿಗೆ ಹಳೇ ಬಾಕಿ ಬೇಕು. ವರ್ಷದ ಹಿಂದೆ ಎಲ್ಲರೆದುರು ಹೀಯಾಳಿಸಿದವನು ಇವತ್ತು ಸಹಿಗಾಗಿ ನಿಮ್ಮ ಮೇಜಿನ ಮುಂದೆ ನಿಂತಿದ್ದಾನೆ, ನೀವು ಪೆನ್ನು ಮುಚ್ಚಿಟ್ಟು ‘ನಾಳೆ ಬನ್ನಿ’ ಅನ್ನುತ್ತೀರಿ. ಅಲ್ಲಿಗೆ ಇದು ಸರಿಯಾಗಿ ಕೂರುತ್ತದೆ. ಇಂಗ್ಲಿಷಿನವರು ಎಷ್ಟೋ ಸಲ ‘ಓಲ್ಡ್ ಸ್ಕೋರ್ಸ್’ ಅನ್ನುವುದು ಸುಮ್ನೆ ಅಲ್ಲ.

ಕೊನೆಯಲ್ಲಿ ಪೋಣಿಸಿದ ಹನ್ನೆರಡು ನುಡಿಗಟ್ಟುಗಳನ್ನು ತೆಗೆದುಹಾಕಿ. ‘ಪ್ರತೀಕಾರ ಮನೋಭಾವದ ಅಭಿವ್ಯಕ್ತಿ’ ಎಂದು ಬರೆದ ಕಡೆಯೆಲ್ಲ ‘ಸೇಡು’ ಎಂದರೆ ಸಾಕು.

ತಿದ್ದಿ ಕಳಿಸಿ. ಮೊದಲ ಸಾಲಿನಲ್ಲೇ ಆ ಕೋಲು ಇರಲಿ. ಕಾಯುತ್ತಿರುತ್ತೇನೆ.

— ಸಂಪಾದಕ